ಮ್ಯಾಗಜಿನ್ ತೆಗೆದರೆ ಪಿಸ್ತೂಲು ಖಾಲಿ ಆಯ್ತಾ? ಸ್ವಚ್ಛ ಮಾಡುವ ಮುಂಚೆ ಗೊತ್ತಿರಬೇಕಾದ ಕ್ರಮ

ಈ ಸಲದ ಮಾತು ಸೆಮಿ-ಆಟೋಮ್ಯಾಟಿಕ್ ಪಿಸ್ತೂಲನ್ನು ಸ್ವಚ್ಛ ಮಾಡೋಕೆ ಬಿಚ್ಚುವುದು ಹೇಗೆ ಅನ್ನೋದರ ಬಗ್ಗೆ. ಕೋಡ್ ಬರೆಯೋ ನಮಗೆ ಇದ್ಯಾಕೆ ಅಂತ ಕೇಳಬಹುದು. ಮಲ್ಕಾಜ್‌ಗಿರಿ ಸುತ್ತಮುತ್ತಲೇ ನೋಡಿ. ಸೈನಿಕ್‌ಪುರಿಯಲ್ಲಿ ನಿವೃತ್ತ ಸೈನಿಕರ ಮನೆಗಳು ತುಂಬಾ ಇವೆ, ಕೆಲವು ಮನೆಗಳಲ್ಲಿ ಲೈಸೆನ್ಸ್ ಇರುವ ಪಿಸ್ತೂಲು ಇರುತ್ತೆ. ಹೈದರಾಬಾದ್‌ನ ಈಶಾ ಸಿಂಗ್ 2023ರ ಹಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ 25 ಮೀಟರ್ ಪಿಸ್ತೂಲಿನಲ್ಲಿ ಬೆಳ್ಳಿ ಗೆದ್ದ ಮೇಲೆ ವಾರಾಂತ್ಯಕ್ಕೆ ಶೂಟಿಂಗ್ ರೇಂಜ್ ಕಡೆ ಮುಖ ಮಾಡಿದವರೂ ಇದ್ದಾರೆ. ನಮ್ಮ ಕೊಡಗಿನ ಗೆಳೆಯರಂತೂ ಸೆಪ್ಟೆಂಬರ್ ಬಂತು ಅಂದ್ರೆ ರಜೆ ಹಾಕಿ ಕೈಲ್‌ಪೊಳ್ದ್‌ಗೆ ಊರಿಗೆ ಹೊರಡುತ್ತಾರೆ. ಅಲ್ಲಿ ಕೋವಿ ಒರೆಸಿ, ತೋಕ್‌ಪೂ ಸಿಕ್ಕಿಸಿ ಪೂಜೆ ಮಾಡೋದು ಹಬ್ಬದ ಜೀವಾಳ. ಇನ್ನು ಆನ್‌ಸೈಟ್ ಅಂತ ಅಮೆರಿಕಕ್ಕೆ ಹೋದವರ ವಿಷಯ ಬೇರೆ ಹೇಳಬೇಕಿಲ್ಲ. 2024ರ ನವೆಂಬರ್‌ನಲ್ಲಿ ನಮ್ಮ ಈ ಜಿಲ್ಲೆಯಿಂದ ಅಲ್ಲಿಗೆ ಓದೋಕೆ ಹೋಗಿದ್ದ ಒಬ್ಬ ಹುಡುಗ ತನ್ನ ಬಂದೂಕನ್ನು ಸ್ವಚ್ಛ ಮಾಡುವಾಗ ಗುಂಡು ಹಾರಿ ತೀರಿಕೊಂಡ ಸುದ್ದಿ ಪತ್ರಿಕೆಗಳಲ್ಲಿ ಬಂದಿತ್ತು.

ಸ್ವಚ್ಛ ಮಾಡುವಾಗ ಆಗುವ ಅನಾಹುತಗಳ ಹಿಂದೆ ಸಾಮಾನ್ಯವಾಗಿ ಇರೋದು ಒಂದೇ ನಂಬಿಕೆ: "ಇದು ಖಾಲಿ ಇದೆ." ಹಾಗಾಗಿ ಖಾಲಿ ಅಂದ್ರೆ ಏನು ಅನ್ನೋದನ್ನೇ ಮೊದಲು ಅರ್ಥ ಮಾಡ್ಕೊಳ್ಳೋಣ.

ಗುಂಡು ಇರೋದು ಎರಡು ಜಾಗದಲ್ಲಿ

ಪಿಸ್ತೂಲಿನ ಮ್ಯಾಗಜಿನ್ ಒಂದು ಸಾಲು ಇದ್ದ ಹಾಗೆ. ಅದರಲ್ಲಿ ಗುಂಡುಗಳು ಸರದಿಗಾಗಿ ಕಾಯುತ್ತಿರುತ್ತವೆ. ಚೇಂಬರ್ ಅಂದ್ರೆ ನಳಿಗೆಯ ಹಿಂತುದಿ. ಹಾರಲು ಸಿದ್ಧವಾದ ಒಂದೇ ಒಂದು ಗುಂಡು ಕೂರುವ ಜಾಗ. ಮೇಲಿನ ಸ್ಲೈಡನ್ನು ಹಿಂದಕ್ಕೆ ಎಳೆದಾಗ ಚೇಂಬರಿನಲ್ಲಿರೋದು ಹೊರಗೆ ಬೀಳುತ್ತೆ. ಬಿಟ್ಟಾಗ ಸ್ಲೈಡ್ ಮುಂದೆ ಹೋಗುತ್ತಾ ಮ್ಯಾಗಜಿನ್‌ನಿಂದ ಇನ್ನೊಂದನ್ನು ಒಳಗೆ ತಳ್ಳುತ್ತೆ.

ಈಗ ಕ್ರಮ ಯಾಕೆ ಮುಖ್ಯ ಅಂತ ನೋಡಿ. ಮೊದಲು ಮ್ಯಾಗಜಿನ್ ತೆಗೆದು ಆಮೇಲೆ ಸ್ಲೈಡ್ ಎಳೆದರೆ ಚೇಂಬರ್ ಖಾಲಿಯಾಗುತ್ತೆ, ತುಂಬೋಕೆ ಹಿಂದೆ ಏನೂ ಇಲ್ಲ. ಅದೇ ಉಲ್ಟಾ ಮಾಡಿ: ಮೊದಲು ಸ್ಲೈಡ್ ಎಳೆದ್ರಿ, ಒಂದು ಗುಂಡು ಟಣ್ ಅಂತ ಮೇಜಿನ ಮೇಲೆ ಬಿತ್ತು, ಆಮೇಲೆ ಮ್ಯಾಗಜಿನ್ ತೆಗೆದ್ರಿ. ಗುಂಡು ಹೊರಗೆ ಬಂದದ್ದು ಕಣ್ಣಾರೆ ನೋಡಿದ್ದೀರಿ, ಮ್ಯಾಗಜಿನ್ ಕೈಯಲ್ಲೇ ಇದೆ, ಮನಸ್ಸಿಗೆ ಪೂರ್ತಿ ಸಮಾಧಾನ. ಆದರೆ ಚೇಂಬರಿನಲ್ಲಿ ಹೊಸ ಗುಂಡು ಕೂತಿದೆ! ಎರಡೇ ಕೆಲಸ, ಎರಡನ್ನೂ ಮಾಡಿದ್ದೀರಿ. ಕ್ರಮ ಬದಲಾಗಿದ್ದಕ್ಕೆ ಫಲಿತಾಂಶ ಪೂರ್ತಿ ಉಲ್ಟಾ.

ಹಳೆಯ ರೂಢಿ ಇಲ್ಲಿ ನಡೆಯಲ್ಲ

ಊರಿನ ತೋಟಾ ಕೋವಿಯನ್ನು ಮಧ್ಯಕ್ಕೆ ಮಡಚಿದರೆ ಎರಡೂ ನಳಿಗೆಯ ಹಿಂತುದಿ ಕಣ್ಣಿಗೆ ಕಾಣುತ್ತೆ. ತೋಟಾ ಇದೆಯೋ ಇಲ್ಲವೋ ಅಂತ ಅನುಮಾನವೇ ಬೇಡ. ಪಿಸ್ತೂಲು ಹಾಗಲ್ಲ, ಅದು ತನ್ನ ಸ್ಥಿತಿಯನ್ನು ಮುಚ್ಚಿಟ್ಟುಕೊಂಡಿರುತ್ತೆ. ಕೋವಿಯಲ್ಲಿ ಪಳಗಿದ ಕೈ ಅಂತ ಪಿಸ್ತೂಲಿನಲ್ಲೂ ಧೈರ್ಯ ಮಾಡೋದು ಸರಿಯಲ್ಲ.

ನಮ್ಮ ಸೇನೆಯಲ್ಲಿ ಬಹಳ ಕಾಲದಿಂದ ಇರುವ 9 ಎಂಎಂ 1ಎ ಪಿಸ್ತೂಲು ಬ್ರೌನಿಂಗ್ ಹೈ-ಪವರ್ ವಿನ್ಯಾಸದ್ದು. ಆ ಮೂಲ ವಿನ್ಯಾಸದಲ್ಲಿ ಮ್ಯಾಗಜಿನ್ ಹೊರಗಿದ್ದರೆ ಟ್ರಿಗರ್ ಕೆಲಸ ಮಾಡಲ್ಲ. ಗ್ಲಾಕ್‌ನಂಥ ಪಿಸ್ತೂಲುಗಳಲ್ಲಿ ಈ ಏರ್ಪಾಡು ಇಲ್ಲ. ಮ್ಯಾಗಜಿನ್ ಇಲ್ಲದಿದ್ದರೂ ಚೇಂಬರಿನಲ್ಲಿರುವ ಗುಂಡು ಹಾರುತ್ತೆ. ಒಂದರಲ್ಲಿ ಕಲಿತ ಭರವಸೆ ಇನ್ನೊಂದರಲ್ಲಿ ಜೀವಕ್ಕೆ ಕುತ್ತು.

ಸೇಫ್ಟಿ ಬಟನ್ ಹಾಕಿದೆ ಅನ್ನೋದೂ ಸಾಲದು. 1911 ಮಾದರಿಯಲ್ಲಿ ಸೇಫ್ಟಿ ಹಾಕಿದ್ರೆ ಸ್ಲೈಡೇ ಅಲುಗಾಡಲ್ಲ. ಖಾಲಿ ಮಾಡಬೇಕು ಅಂದ್ರೆ ಅದನ್ನು ತೆಗೆಯಲೇಬೇಕು.

ಖಾಲಿ ಮಾಡುವ ಕ್ರಮ

ಮೊದಲು ಜಾಗ. ಮಕ್ಕಳು ಬರದ ಕೋಣೆ, ಒಳ್ಳೆ ಬೆಳಕು, ತೆರೆದ ಕಿಟಕಿ, ಮೊಬೈಲ್ ದೂರ. ನಳಿಗೆ ಯಾವ ಕಡೆ ಇರಬೇಕು? ಅಪಾರ್ಟ್‌ಮೆಂಟಿನಲ್ಲಿ ಇದು ನಿಜವಾದ ಪ್ರಶ್ನೆ. ನಾಲ್ಕಿಂಚಿನ ಗೋಡೆಯ ಆಚೆ ಪಕ್ಕದ ಮನೆಯವರು ಮಲಗಿರುತ್ತಾರೆ. ಪುಟ್ಟ .22 ಗುಂಡು ಕೂಡ ಬಯಲಿನಲ್ಲಿ ಒಂದು ಕಿಲೋಮೀಟರ್‌ಗೂ ಹೆಚ್ಚು ದೂರ ಹೋಗಬಲ್ಲದು. ದೊಡ್ಡ ಬಕೆಟ್ ತುಂಬಾ ಒಣ ಮರಳು ಹಾಕಿಟ್ಟು, ನಳಿಗೆಯನ್ನು ಅದರ ಕಡೆಗೇ ಹಿಡಿಯಿರಿ.

1. ಬೆರಳು ಟ್ರಿಗರ್ ಬಳೆಯ ಹೊರಗೆ, ಫ್ರೇಮಿನ ಮೇಲೆ ನೇರವಾಗಿರಲಿ.

2. ಮ್ಯಾಗಜಿನ್ ಹೊರತೆಗೆದು ದೂರ ಇಡಿ.

3. ಸ್ಲೈಡನ್ನು ಪೂರ್ತಿ ಹಿಂದಕ್ಕೆ ಎರಡು ಮೂರು ಸಲ ಎಳೆಯಿರಿ. ಹೊರಬರುವ ಗುಂಡನ್ನು ಅಂಗೈಯಲ್ಲಿ ಹಿಡಿಯೋಕೆ ಹೋಗಬೇಡಿ, ಕೆಳಗೆ ಬೀಳಲಿ. ಕೈ ಅಡ್ಡ ಇಟ್ಟರೆ ಗುಂಡಿನ ಹಿಂಭಾಗ ಒಳಗಿನ ಲೋಹಕ್ಕೆ ತಾಗಿ ಅಲ್ಲೇ ಸಿಡಿಯುವ ಸಾಧ್ಯತೆ ಇದೆ.

4. ಸ್ಲೈಡನ್ನು ಹಿಂದೆ ಲಾಕ್ ಮಾಡಿ. ಟಾರ್ಚ್ ಬಿಟ್ಟು ಚೇಂಬರ್ ನೋಡಿ, ಮ್ಯಾಗಜಿನ್ ಕೂರುವ ಖಾಲಿ ಜಾಗವನ್ನೂ ನೋಡಿ. ಆಮೇಲೆ ಕಿರುಬೆರಳಿನಿಂದ ಮುಟ್ಟಿ ನೋಡಿ. ಕಣ್ಣು ಮೋಸ ಹೋಗಬಹುದು, ಬೆರಳು ಅಷ್ಟು ಸುಲಭಕ್ಕೆ ಹೋಗಲ್ಲ. ಗುಂಡನ್ನು ಎಳೆಯುವ ಕೊಕ್ಕೆ ಸವೆದಿದ್ದರೆ ಸ್ಲೈಡ್ ಎಳೆದರೂ ಗುಂಡು ಒಳಗೇ ಉಳಿಯುತ್ತೆ, ಅದಕ್ಕೇ ಈ ಹೆಜ್ಜೆ.

5. ಒಂದು ಕ್ಷಣ ಬೇರೆ ಕಡೆ ನೋಡಿ, ಮತ್ತೆ ಪರೀಕ್ಷಿಸಿ.

6. ಎಲ್ಲಾ ಗುಂಡುಗಳನ್ನೂ ಬೇರೆ ಕೋಣೆಗೆ ಸಾಗಿಸಿ. ಸ್ವಚ್ಛ ಮಾಡುವ ಮೇಜಿನ ಮೇಲೆ ಒಂದೇ ಒಂದು ಗುಂಡೂ ಇರಬಾರದು.

ನಡುವೆ ಬೆಲ್ ಆಯ್ತು, ಸ್ವಿಗ್ಗಿಯವನು ಬಂದ ಅಂತ ಎದ್ದು ಹೋದ್ರೆ, ವಾಪಸ್ ಬಂದು ಒಂದನೇ ಹೆಜ್ಜೆಯಿಂದ ಶುರು ಮಾಡಿ. ಯಾರ ಕೈಯಿಂದ ಪಿಸ್ತೂಲು ತಗೊಂಡ್ರೂ ಅಷ್ಟೇ, ಅವರು ತೋರಿಸಿದ್ದರೂ ನೀವು ನೋಡಬೇಕು. ರೇಂಜ್‌ನಲ್ಲಿ ಅಂತರರಾಷ್ಟ್ರೀಯ ಮಟ್ಟದ ಶೂಟರುಗಳು ಕೂಡ ಚೇಂಬರಿನಲ್ಲಿ ಬಣ್ಣದ ಸೇಫ್ಟಿ ಫ್ಲ್ಯಾಗ್ ಸಿಕ್ಕಿಸಲೇಬೇಕು. ಖಾಲಿ ಅನ್ನೋದು ಬಾಯಿಮಾತಲ್ಲ, ಕಣ್ಣಿಗೆ ಕಾಣಬೇಕು ಅನ್ನೋದೇ ಆ ನಿಯಮದ ಅರ್ಥ.

ಬಿಚ್ಚುವುದು

ಇಲ್ಲಿ ಮಾಡೆಲ್‌ಗೊಂದು ದಾರಿ, ನಿಮ್ಮ ಪಿಸ್ತೂಲಿನ ಮ್ಯಾನ್ಯುಯಲ್ಲೇ ಅಂತಿಮ. ಬೆರೆಟ್ಟಾ 92ರಲ್ಲಿ ಒಂದು ಲಿವರ್ ತಿರುಗಿಸಿದ್ರೆ ಸ್ಲೈಡ್ ಮುಂದಕ್ಕೆ ಜಾರಿ ಬರುತ್ತೆ. 1911ರಲ್ಲಿ ಸ್ಲೈಡಿನ ಗುರುತಿಗೆ ಸರಿಯಾಗಿ ಪಿನ್ ಹೊಂದಿಸಿ ಹೊರಗೆ ತಳ್ಳಬೇಕು. ಗ್ಲಾಕ್‌ನಲ್ಲಿ ಬಿಚ್ಚುವ ಮುಂಚೆ ಟ್ರಿಗರ್ ಒತ್ತಲೇಬೇಕು! ಈಗ ಮೇಲಿನ ಆರು ಹೆಜ್ಜೆ ಯಾಕೆ ಅಂತ ಅರ್ಥ ಆಯ್ತಲ್ಲ? ಚೇಂಬರ್ ನೋಡದೆ ಈ ಹೆಜ್ಜೆಗೆ ಬಂದರೆ ಬಿಚ್ಚುವ ವಿಧಾನವೇ ಗುಂಡು ಹಾರಿಸುತ್ತೆ.

ರಿಕಾಯಿಲ್ ಸ್ಪ್ರಿಂಗ್ ಒತ್ತಡದಲ್ಲಿರುತ್ತೆ, ಮುಖಕ್ಕೆ ಚಿಮ್ಮಬಹುದು. ಕನ್ನಡಕ ಹಾಕ್ಕೊಳ್ಳಿ. ಸಾಮಾನ್ಯವಾಗಿ ಸ್ಲೈಡ್, ನಳಿಗೆ, ಸ್ಪ್ರಿಂಗ್, ಫ್ರೇಮ್ ಈ ನಾಲ್ಕು ಭಾಗ ಬೇರೆಯಾದರೆ ಸಾಕು. ಟ್ರಿಗರ್ ಒಳಗಿನ ಸಣ್ಣ ಭಾಗಗಳಿಗೆ ಕೈ ಹಾಕಬೇಡಿ. ಅದು ರಿಪೇರಿ ಕೆಲಸ. 1959ರ ಆಯುಧ ಕಾಯ್ದೆಯ 5ನೇ ಸೆಕ್ಷನ್ ಪ್ರಕಾರ ಬಂದೂಕು ರಿಪೇರಿ ವ್ಯವಹಾರಕ್ಕೇ ಪ್ರತ್ಯೇಕ ಲೈಸೆನ್ಸ್ ಬೇಕು. ಅಂಥ ಲೈಸೆನ್ಸ್ ಇರುವವರ ಬಳಿ ಕೊಡಿ.

ಒರೆಸುವುದು, ಜೋಡಿಸುವುದು

ಸಾಲ್ವೆಂಟ್ ಹಚ್ಚಿದ ಬ್ರಶ್ಶನ್ನು ನಳಿಗೆಯ ಹಿಂತುದಿಯಿಂದ ಬಾಯಿಯ ಕಡೆಗೆ ಪೂರ್ತಿ ದಾಟಿಸಿ, ಅರ್ಧದಲ್ಲಿ ತಿರುಗಿಸಬೇಡಿ. ಕೆಲವು ನಿಮಿಷ ಬಿಟ್ಟು, ಬಟ್ಟೆ ಚೂರು ಬೆಳ್ಳಗೆ ಬರುವ ತನಕ ಒರೆಸಿ. ಸ್ಲೈಡಿನ ಒಳಮೈಗೆ ಹಳೆ ಟೂತ್‌ಬ್ರಶ್ ಸಾಕು. ಎಣ್ಣೆ ಅಂದ್ರೆ ಸ್ಲೈಡ್ ಜಾರುವ ಹಳಿಗಳ ಮೇಲೆ ಒಂದೊಂದು ಹನಿ, ಅಷ್ಟೇ. ಜಾಸ್ತಿಯಾದ್ರೆ ಧೂಳು ಹಿಡಿಯುತ್ತೆ. ಚೇಂಬರ್, ಮ್ಯಾಗಜಿನ್, ಫೈರಿಂಗ್ ಪಿನ್ನಿನ ಓಣಿ ಒಣಗಿರಬೇಕು.

.22 ಗುಂಡುಗಳು ಬಹುತೇಕ ಬರಿ ಸೀಸದವು, ಹಾಗಾಗಿ ಮಸಿಯಲ್ಲಿ ಸೀಸ ಇರುತ್ತೆ. ಊಟದ ಮೇಜಿನ ಮೇಲೆ ಈ ಕೆಲಸ ಬೇಡ, ಮುಗಿದ ಮೇಲೆ ಸೋಪು ಹಾಕಿ ಕೈ ತೊಳೆಯಿರಿ.

ಜೋಡಿಸಿದ ಮೇಲೆ ಗುಂಡಿಲ್ಲದೆ, ಮರಳಿನ ಕಡೆ ಹಿಡಿದು, ಸ್ಲೈಡ್ ಮತ್ತು ಸೇಫ್ಟಿ ಕೆಲಸ ಮಾಡ್ತಿವೆಯಾ ನೋಡಿ. ಅನೇಕ .22 ಪಿಸ್ತೂಲುಗಳಲ್ಲಿ ಖಾಲಿ ಟ್ರಿಗರ್ ಒತ್ತಿದರೆ ಪಿನ್ ಚೇಂಬರಿನ ಅಂಚಿಗೆ ಬಡಿದು ಹಾಳಾಗುತ್ತೆ. ಒತ್ತಬಹುದೇ ಅಂತ ಮ್ಯಾನ್ಯುಯಲ್‌ನಲ್ಲಿ ನೋಡಿಕೊಳ್ಳಿ. ಕೊನೆಗೆ ಪಿಸ್ತೂಲು ಒಂದು ಬೀಗದಲ್ಲಿ, ಗುಂಡು ಇನ್ನೊಂದು ಬೀಗದಲ್ಲಿ.

ಒಂದು ಮಾತು ಕಾನೂನಿನ ಬಗ್ಗೆ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಇರುವ ಲೈಸೆನ್ಸ್ ವಿನಾಯಿತಿಯನ್ನು ಕೇಂದ್ರ ಸರ್ಕಾರ 2019ರಲ್ಲಿ ಹತ್ತು ವರ್ಷಕ್ಕೆ, ಅಂದ್ರೆ 2029ರ ಅಕ್ಟೋಬರ್ 31ರವರೆಗೆ ಮುಂದುವರಿಸಿದೆ. ಉಳಿದ ನಮಗೆಲ್ಲ ಲೈಸೆನ್ಸ್ ಬೇಕೇ ಬೇಕು. ಊರು ಬಿಟ್ಟು ಬಂದವರು ವಿಳಾಸ ಬದಲಾದದ್ದನ್ನು ಲೈಸೆನ್ಸ್ ಅಧಿಕಾರಿಗೆ ತಿಳಿಸೋದನ್ನು ಮರೀಬೇಡಿ.

ಲೈಸೆನ್ಸ್ ವಿನಾಯಿತಿ ಸರ್ಕಾರ ಕೊಡಬಹುದು, ಚೇಂಬರ್ ನೋಡುವುದರಿಂದ ವಿನಾಯಿತಿ ಯಾರಿಗೂ ಇಲ್ಲ. ಮೊದಲು ಮ್ಯಾಗಜಿನ್, ಆಮೇಲೆ ಚೇಂಬರ್, ಆಮೇಲೆ ಬೆರಳು. ಇಷ್ಟು ನೆನಪಿದ್ರೆ ಇವತ್ತಿನ ಮಾತು ಸಾರ್ಥಕ.