ಚಪ್ಪಲಿ ಮಿಲಾನಿಗೆ ಹೋಯಿತು, ಇನ್ನು ಮಾತು ಹೋಗಬೇಕು

ಗಡಿಭಾಗದ ಚಪ್ಪಲಿಗಾರರಿಗೆ ಇಟಾಲಿಯನ್ ಪಾಠ ಕಷ್ಟವಲ್ಲ

2025ರ ಜೂನ್ 22ರಂದು ಇಟಲಿಯ ಮಿಲಾನ್ ನಗರದಲ್ಲಿ ಪ್ರಾಡಾ ಕಂಪನಿಯವರು ಗಂಡಸರ ಉಡುಪಿನ ಪ್ರದರ್ಶನ ನಡೆಸಿದರು. ಅಲ್ಲಿ ನಡೆದಾಡಿದ ರೂಪದರ್ಶಿಗಳ ಕಾಲಲ್ಲಿದ್ದ ಉಂಗುಟದ ಚಪ್ಪಲಿ ನೋಡಿದರೆ ಅಥಣಿ, ನಿಪ್ಪಾಣಿ ಪೇಟೆಯ ಸಣ್ಣ ಹುಡುಗನೂ ಗುರುತು ಹಿಡಿಯುತ್ತಿದ್ದ. ಆದರೆ ಕಂಪನಿ ಅದಕ್ಕೆ ಕೊಟ್ಟ ಹೆಸರು ‘ಚರ್ಮದ ಸ್ಯಾಂಡಲ್’ ಎಂದಷ್ಟೇ. ಕೋಲ್ಹಾಪುರಿ ಎಂಬ ಸೊಲ್ಲಿಲ್ಲ, ಹೊಲಿದ ಊರುಗಳ ಮಾತಂತೂ ದೂರವೇ ಉಳಿಯಿತು.

ಗದ್ದಲ ಎದ್ದಿತು. ಭಾರತದ ಕೈಕಸುಬಿನಿಂದ ಪ್ರೇರಣೆ ಪಡೆದದ್ದು ನಿಜವೆಂದು ಕಂಪನಿ ಒಪ್ಪಿಕೊಂಡಿತು. ಅದೇ ಡಿಸೆಂಬರ್ 11ರಂದು ಮುಂಬಯಿಯಲ್ಲಿ ಮಹಾರಾಷ್ಟ್ರದ ಲಿಡ್ಕಾಂ ಹಾಗೂ ಕರ್ನಾಟಕದ ಲಿಡ್ಕರ್ ನಿಗಮಗಳ ಜೊತೆ ಒಪ್ಪಂದ ಪ್ರಕಟವಾಯಿತು. ಎರಡೂ ರಾಜ್ಯಗಳಲ್ಲಿ 2,000 ಜೋಡಿ ತಯಾರಿ, ಜೋಡಿಗೆ ಸುಮಾರು 800 ಯೂರೊ ದರ. ಕಸುಬುದಾರರಿಗೆ ತರಬೇತಿ, ಜೊತೆಗೆ ಇಟಲಿಯ ಪ್ರಾಡಾ ಅಕಾಡೆಮಿಯಲ್ಲಿ ಕೆಲಕಾಲ ಇದ್ದು ಬರುವ ಅವಕಾಶವೂ ಉಂಟೆಂದು ಆಗ ಹೇಳಲಾಯಿತು.

ಅವಕಾಶವೇನೋ ಸರಿ. ಹೋದವರು ಅಲ್ಲಿ ಯಾವ ಬಾಯಲ್ಲಿ ಮಾತಾಡಬೇಕು? “ನಮಗ ಇಂಗ್ಲಿಷ್ ನೆಟ್ಟಗ ಬರೂದಿಲ್ರೀ, ಇಟಲಿ ಭಾಷಾ ಎಲ್ಲಿಂದ ಬರಬೇಕು?” ಎಂದು ಯಾರಾದರೂ ಕೇಳಿದರೆ ತಪ್ಪಿಲ್ಲ. ಆದರೆ ಇಂಗ್ಲಿಷ್ ಬಂದವರಿಗಷ್ಟೇ ಇಟಾಲಿಯನ್ ಬಂದೀತೆಂಬುದು ಶುದ್ಧ ಸುಳ್ಳು. ಮನೆಯಲ್ಲಿ ಕನ್ನಡ, ಸಂತೆಯಲ್ಲಿ ಮರಾಠಿ ಆಡುವ ಚಿಕ್ಕೋಡಿ-ರಾಯಬಾಗ-ಕಾಗವಾಡದ ಮನುಷ್ಯನಿಗೆ ಅರ್ಧ ಪಾಠ ಆಗಲೇ ಬಂದಿದೆ.

ಕತೆಯೂ ಕತ್ತೆಯೂ

ಉಚ್ಚಾರದಿಂದ ಶುರುಮಾಡೋಣ. ಇಟಾಲಿಯನ್ನಿನಲ್ಲಿ ‘ಸೇತೆ’ ಅಂದರೆ ಬಾಯಾರಿಕೆ, ‘ಸೆತ್ತೆ’ ಅಂದರೆ ಏಳು. ‘ನೋನೊ’ ಒಂಬತ್ತನೆಯವನು, ‘ನೊನ್ನೊ’ ಅಜ್ಜ. ಒತ್ತಕ್ಷರ ತಪ್ಪಿದರೆ ಅರ್ಥವೇ ಪಲ್ಟಿ. ಇಂಗ್ಲಿಷಿನಲ್ಲಿ ‘ಹ್ಯಾಪಿ’ ಎಂದು ಬರೆಯುವಾಗ ಎರಡು ಪಿ ಇದ್ದರೂ ನಾಲಿಗೆಯ ಮೇಲೆ ಒಂದೇ. ಹಾಗಾಗಿ ಇಂಗ್ಲಿಷಿನವರು ಈ ಪಾಠದಲ್ಲಿ ಬೆವರುತ್ತಾರೆ. ಕನ್ನಡದವನಿಗೆ ಕತೆ ಬೇರೆ, ಕತ್ತೆ ಬೇರೆ ಎಂದು ಯಾರೂ ಕಲಿಸಬೇಕಾಗಿಲ್ಲ. ಅಪ್ಪ, ಅಕ್ಕ, ಅಜ್ಜ ಅಂದುಕೊಂಡೇ ಬೆಳೆದ ನಾಲಿಗೆ ಅದು.

ಇಟಾಲಿಯನ್ ಮಾತುಗಳು ಹೆಚ್ಚಾಗಿ ಸ್ವರದಲ್ಲೇ ಮುಗಿಯುತ್ತವೆ. ಬಸ್ಸನ್ನು ‘ಬಸ್ಸು’, ಬ್ಯಾಂಕನ್ನು ‘ಬ್ಯಾಂಕು’ ಮಾಡಿಕೊಂಡ ಮಂದಿಗೆ ಅದೇನು ಹೊಸದಲ್ಲ. ಅಲ್ಲಿಯ ತ, ದ ಕೂಡ ನಮ್ಮ ತ, ದ ಇದ್ದ ಹಾಗೇ. ಇಂಗ್ಲಿಷ್ ಚಾಳಿಯಿಂದ ‘ಇಟಾಲಿಯಾ’ ಅನ್ನಬಾರದು, ‘ಇತಾಲಿಯಾ’ ಅನ್ನಬೇಕು. ಕಾಗುಣಿತದಲ್ಲಿ ಬಾಯಿಪಾಠ ಮಾಡಿ ಮರೆತ ‘ಞ’ ಅಲ್ಲಿ ದಿನಬಳಕೆಯ ಸದ್ದು: ‘ಸಿಞ್ಞೋರೆ’ ಅಂದರೆ ಯಜಮಾನರು. ಮರಾಠಿಯ ‘ಚಾಂಗಲಾ’ ಎನ್ನುವಾಗ ಮೊದಲಿಗೆ ಬರುವ ‘ತ್ಸ’ ಸದ್ದೂ ಅಲ್ಲಿ ಉಂಟು.

ಎಡವುವುದು ಬರಹದಲ್ಲಿ. ರೋಮನ್ ಅಕ್ಷರದಲ್ಲಿ ಸಿ, ಎಚ್ ಜೊತೆಯಾಗಿ ಬಂದರೆ ಇಂಗ್ಲಿಷ್ ರೂಢಿಯಲ್ಲಿ ಚ, ಇಟಾಲಿಯನ್ನಿನಲ್ಲಿ ಕ. ಎಚ್ ಇಲ್ಲದೆ ಬರೀ ಸಿ ಮುಂದೆ ಐ ಅಥವಾ ಇ ಬಂದರೆ ಮಾತ್ರ ಚ. ರೈಲು ಹಲಗೆಯ ಮೇಲಿನ ಇಂಗ್ಲಿಷ್ ‘ಚಿಕ್ಕೋಡಿ’ಯನ್ನು ಇಟಲಿಯವನು ಓದಿದರೆ ‘ಕಿಕ್ಕೋದಿ’ ಅಂದಾನು. ಅಥಣಿಯಲ್ಲಿ ಎಚ್ ಸತ್ತು ‘ಅತಾನಿ’ ಆದೀತು. ನಿಪ್ಪಾಣಿ ಒಂದೇ ಹೆಚ್ಚುಕಮ್ಮಿ ನೆಟ್ಟಗೆ ಬರುವ ಊರು, ಣ ಹೋಗಿ ನ ಆದರೂ ಪ್ಪ ಉಳಿಯುತ್ತದೆ.

ಜೋಡಾ ಗಂಡು, ಚಪ್ಪಲ ಹೆಣ್ಣು

ವ್ಯಾಕರಣದಲ್ಲಿ ಕನ್ನಡಿಗನಿಗೆ ಮೊದಲ ಪೆಟ್ಟು ಲಿಂಗದ್ದು. ಕನ್ನಡದಲ್ಲಿ ಜೀವವಿಲ್ಲದ್ದೆಲ್ಲ ‘ಅದು’. ಇಟಾಲಿಯನ್ನಿನಲ್ಲಿ ನಪುಂಸಕವೇ ಇಲ್ಲ, ಪ್ರತಿಯೊಂದು ಸಾಮಾನೂ ಗಂಡು ಇಲ್ಲವೇ ಹೆಣ್ಣು. ‘ಸಾಂದಲೊ’ ಗಂಡು, ‘ಸ್ಕಾರ್ಪಾ’ ಅಂದರೆ ಬೂಟು, ಹೆಣ್ಣು. ಕಪ್ಪು ಬಣ್ಣವೂ ಅದರ ಹಿಂದೆ ಕುಣಿಯಬೇಕು: ಸಾಂದಲೊ ನೇರೊ, ಸ್ಕಾರ್ಪಾ ನೇರಾ.

ಇಲ್ಲಿ ಮರಾಠಿ ಕೈಹಿಡಿಯುತ್ತದೆ. ‘ಕಾಳಾ ಜೋಡಾ, ಕಾಳೀ ಚಪ್ಪಲ’ ಎಂದು ನಿಪ್ಪಾಣಿಯ ಅಂಗಡಿಯಲ್ಲಿ ದಿನಾ ಅನ್ನುವವನಿಗೆ ಈ ಕುಣಿತ ಗೊತ್ತೇ ಇದೆ. ಹಾಗೆಂದು ಮರಾಠಿಯ ಲಿಂಗವನ್ನೇ ಅಲ್ಲಿಗೆ ಹೊತ್ತೊಯ್ದರೆ ನಡೆಯದು. ಮರಾಠಿಯ ‘ಹಾತ್’ ಗಂಡು. ಇಟಾಲಿಯನ್ನಿನ ‘ಮಾನೊ’, ಅದೇ ಕೈ, ಗಂಡಿನ ಹಾಗೆ ‘ಒ’ದಲ್ಲಿ ಮುಗಿದರೂ ಹೆಣ್ಣು. ಇಂಥವನ್ನು ಬಾಯಿಪಾಠವೇ ಮಾಡಬೇಕು.

ಕ್ರಿಯಾಪದಕ್ಕೆ ಬಂದರೆ ಮತ್ತೆ ಕನ್ನಡವೇ ದಾರಿ. ‘ಮಾತಾಡತೀನಿ’ ಅಂದರೆ ಸಾಕು, ‘ನಾನು’ ಬೇಕಿಲ್ಲ. ಹಾಗೇ ‘ಪಾರ್ಲೊ’ ಅಂದರೆ ಮಾತಾಡತೀನಿ, ‘ಪಾರ್ಲಿ’ ಅಂದರೆ ನೀ ಮಾತಾಡತಿ. ಆದರೆ ಪದಗಳ ಸಾಲು ತಿರುವುಮುರುವು. ನಮ್ಮಲ್ಲಿ ಕ್ರಿಯಾಪದ ಕೊನೆಗೆ, ಅಲ್ಲಿ ನಡುವೆ. ನಮ್ಮ ‘ಗೆ’, ‘ಅಲ್ಲಿ’ ಹೆಸರಿನ ಹಿಂದೆ ಅಂಟಿದರೆ, ಅಲ್ಲಿಯವು ಹೆಸರಿನ ಮುಂದೆ ನಿಲ್ಲುತ್ತವೆ. ಇದಕ್ಕೆ ನಾಲ್ಕು ವಾರ ರೂಢಿ ಬೇಕು.

‘ಲೇ’ ಅಂದರೆ ಸಿಟ್ಟಾಗಬೇಡಿ

‘ತೂ’ ಎಂಬುದು ಮರಾಠಿಯಲ್ಲೂ ಇಟಾಲಿಯನ್ನಿನಲ್ಲೂ ಒಂದೇ: ನೀನು. ಅಲ್ಲಿ ಹಿರಿಯರಿಗೆ, ಗುರುತಿಲ್ಲದವರಿಗೆ ಹಾಗನ್ನಬಾರದು. ಅವರಿಗೆ ‘ಲೇಯಿ’ ಅನ್ನಬೇಕು. ನಮ್ಮಲ್ಲಿ ‘ಲೇ’ ಅಂದರೆ ಕಾಲುಕೆರೆದು ಜಗಳ, ಅಲ್ಲಿ ಅದೇ ಸದ್ದು ನಮ್ಮ ‘ರೀ’ಗೆ ಸಮ. ಮೊದಲ ದಿನವೇ ಇದು ಗೊತ್ತಿರಲಿ!

ಕಸುಬಿನ ಮಾತುಗಳನ್ನೂ ಮೊದಲ ವಾರವೇ ಕಲಿಯಬೇಕು. ತೊಗಲು ‘ಪೆಲ್ಲೆ’, ಅಟ್ಟೆ ‘ಸುವೋಲಾ’, ಸೂಜಿ ‘ಆಗೊ’, ದಾರ ‘ಫೀಲೊ’. ಮನೆಯ ಚಪ್ಪಲಿಗೆ ‘ಚಬಾತ್ತಾ’. ಆ ಆಕಾರದ ಬ್ರೆಡ್ಡಿಗೂ ಅಲ್ಲಿ ಅದೇ ಹೆಸರು. ಮೊಳೆ ಹೊಡೆಯದೆ ತೊಗಲ ದಾರದಿಂದಲೇ ಹೊಲಿಯುವುದು ನಮ್ಮ ಚಪ್ಪಲಿಯ ಹೆಚ್ಚುಗಾರಿಕೆ. ಅದನ್ನು ಹೇಳಲು ‘ಸೆಂತ್ಸಾ ಕ್ಯೋದಿ’, ಮೊಳೆ ಇಲ್ಲದೆ ಎಂಬ ಎರಡೇ ಮಾತು ಸಾಕು. ಇಷ್ಟನ್ನು ತನ್ನ ಬಾಯಿಂದಲೇ ಹೇಳಿದ ಕಸುಬುದಾರನನ್ನು ಎದುರಿನವನು ಬರೀ ಕೈಗಾರನೆಂದು ಕಾಣಲಾರ, ಬಲ್ಲವನೆಂದು ಕಾಣುತ್ತಾನೆ. ದುಭಾಷಿಯ ಬಾಯಲ್ಲಿ ಮಾತು ಸೋರಿಹೋಗುವ ಭಯವೂ ಇಲ್ಲ.

2019ರಲ್ಲಿ ಕೋಲ್ಹಾಪುರಿ ಚಪ್ಪಲಿಗೆ ಭೌಗೋಳಿಕ ಸೂಚ್ಯಂಕದ ಮಾನ್ಯತೆ ಸಿಕ್ಕಿತು. ಅದರಲ್ಲಿ ಎರಡೂ ರಾಜ್ಯಗಳ ತಲಾ ನಾಲ್ಕು ಜಿಲ್ಲೆಗಳಿವೆ, ಬೆಳಗಾವಿ ಅವುಗಳಲ್ಲೊಂದು. ಕಾಗದದ ಮೇಲೆ ಹಕ್ಕು ಇದೆ. ಆದರೆ ಹೆಸರಿನಲ್ಲಿ ಕೋಲ್ಹಾಪುರ ಮಾತ್ರ, ಅಥಣಿ-ನಿಪ್ಪಾಣಿ ಇಲ್ಲ. ಆ ಊರುಗಳ ಹೆಸರು ಹೇಳಬೇಕಾದವರು ಹೊಲಿದವರೇ.

ಆದ್ದರಿಂದ ತರಬೇತಿ ಕೊಡುವವರು ಒಂದು ಮಾತು ನಡೆಸಿಕೊಡಲಿ. ಭಾಷೆಯ ಪಾಠ ಇಂಗ್ಲಿಷ್ ಮೂಲಕ ಬೇಡ, ಕನ್ನಡ-ಮರಾಠಿ ಮೂಲಕ ಇರಲಿ. ಇಂಗ್ಲಿಷೇ ಜರಡಿಯಾದರೆ ರಂಪಿಗೆ ಹಿಡಿದವರು ಕೆಳಗುಳಿದು, ಕಾಲೇಜು ಕಲಿತವರಷ್ಟೇ ವಿಮಾನ ಹತ್ತುತ್ತಾರೆ. ಮೊದಲ ಪಾಠಕ್ಕೆ ಈ ವಾಕ್ಯ ಸಾಕು: ‘ಫಾತ್ತೊ ಅ ಮಾನೊ, ಅ ನಿಪ್ಪಾಣಿ’. ಅಂದರೆ, ಕೈಯಿಂದ ಮಾಡಿದ್ದು, ನಿಪ್ಪಾಣಿಯಲ್ಲಿ.