ಮೊಣಕಾಲಿನ ಸ್ನಾಯುರಜ್ಜುವಿನ ಬೇನೆ: ಒಂದು ಹೆಸರಿನ ಚರಿತ್ರೆ

ರೋಗಕ್ಕೆ ಇಟ್ಟ ಹೆಸರು ಅದರ ಚಿಕಿತ್ಸೆಯನ್ನೂ ನಿರ್ಧರಿಸುವುದುಂಟು. ಹೆಸರು ತಪ್ಪಿದಲ್ಲಿ ಚಿಕಿತ್ಸೆಯೂ ದಾರಿ ತಪ್ಪಬಹುದು. ನಮ್ಮ ಕಾಲೇಜಿನ ವಾಲಿಬಾಲ್ ಆಟಗಾರನೊಬ್ಬನು ಮೊಣಕಾಲಿನ ಬೇನೆಗಾಗಿ ಹಲವು ತಿಂಗಳು ಸಂಪೂರ್ಣ ವಿಶ್ರಾಂತಿ ಪಡೆದು, ಆಟಕ್ಕೆ ಮರಳಿದ ವಾರದಲ್ಲಿಯೇ ಮತ್ತೆ ಅದೇ ನೋವಿಗೆ ಗುರಿಯಾದನು. ನಾವು ವೈದ್ಯರಲ್ಲ, ಚರಿತ್ರೆಯ ಅಭ್ಯಾಸಿಗಳು. ಆದರೂ ಈ ಪ್ರಸಂಗವೇ ಪ್ರಕೃತ ಲೇಖನಕ್ಕೆ ಪ್ರೇರಣೆಯಾಯಿತು.

ಮಂಡಿಚಿಪ್ಪಿನ ಕೆಳತುದಿಯನ್ನು ಕೆಳಗಾಲಿನ ದೊಡ್ಡ ಮೂಳೆಗೆ ಬಿಗಿದಿರುವ ಬಲವಾದ ಪಟ್ಟಿಯೇ ಈ ಸ್ನಾಯುರಜ್ಜು. ತೊಡೆಯ ಮುಂಭಾಗದ ಸ್ನಾಯುಗಳ ಸೆಳೆತವನ್ನು ಮೂಳೆಗೆ ಮುಟ್ಟಿಸಿ ಕಾಲನ್ನು ಚಾಚಿಸುವುದು ಇದರ ಕಾರ್ಯ. ಹಾರಿ ಇಳಿಯುವಾಗ ಇದರ ಮೇಲೆ ಅತಿಶಯವಾದ ಭಾರ ಬೀಳುತ್ತದೆ. 1973ರಲ್ಲಿ ಅಮೆರಿಕದ ಬ್ಲಜೀನಾ ಮತ್ತು ಸಂಗಡಿಗರು ಈ ಬೇನೆಯನ್ನು ‘ಜಿಗಿಯುವವರ ಮೊಣಕಾಲು’ ಎಂದು ಕರೆದರು. 2005ರಲ್ಲಿ ಪ್ರಕಟವಾದ ನಾರ್ವೆಯ ಸಮೀಕ್ಷೆಯೊಂದರಲ್ಲಿ ಉನ್ನತ ಮಟ್ಟದ ವಾಲಿಬಾಲ್ ಆಟಗಾರರ ಪೈಕಿ ಸುಮಾರು ನೂರಕ್ಕೆ 45 ಮಂದಿಯಲ್ಲಿ ಇದು ಕಂಡುಬಂದಿತು.

ವೈದ್ಯರು ಬಹುಕಾಲ ಬಳಸಿದ ಹೆಸರು ‘ಟೆಂಡಿನೈಟಿಸ್’, ಅಂದರೆ ಸ್ನಾಯುರಜ್ಜುವಿನ ಉರಿಯೂತ. ಉರಿಯೂತಕ್ಕೆ ಕೆಂಪು, ಊತ, ಬಿಸಿ, ನೋವು ಎಂಬ ನಾಲ್ಕು ಲಕ್ಷಣಗಳನ್ನು ರೋಮಿನ ಸೆಲ್ಸಸ್ ಒಂದನೆಯ ಶತಮಾನದಲ್ಲಿಯೇ ಹೇಳಿದ್ದನು. ಈ ಬೇನೆಯಲ್ಲಾದರೋ ಎದ್ದು ಕಾಣುವುದು ಬಹುಮಟ್ಟಿಗೆ ನೋವೊಂದೇ. ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿದಾಗಲೂ ಉರಿಯೂತದ ಕಣಗಳು ವಿರಳವಾಗಿದ್ದು, ಕೊಲಾಜನ್ ಎಳೆಗಳು ಕ್ರಮಗೆಟ್ಟಿರುವುದೇ ಮುಖ್ಯವಾಗಿ ಕಂಡಿತು. ಹಿಮ್ಮಡಿಯ ಸ್ನಾಯುರಜ್ಜುವನ್ನು ಅಭ್ಯಸಿಸಿದ ಇಟಲಿಯ ಪುದ್ದು ಮತ್ತು ಸಹೋದ್ಯೋಗಿಗಳು 1976ರಲ್ಲಿ, ಇಂಥ ಸವೆತಕ್ಕೆ ‘ಟೆಂಡಿನೋಸಿಸ್’ ಎಂಬ ಬೇರೆ ಹೆಸರನ್ನು ಸೂಚಿಸಿದರು. 2002ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನ ಲೇಖನವೊಂದು ಹಳೆಯ ಹೆಸರನ್ನೇ ಕೈಬಿಡಬೇಕೆಂದು ವಾದಿಸಿತು. ಉರಿಯೂತದ ಪಾತ್ರ ಸಂಪೂರ್ಣವಾಗಿ ಇಲ್ಲವೆನ್ನಲಾಗದೆಂದು ಈಚಿನ ಸಂಶೋಧನೆಗಳು ತೋರಿಸಿರುವುದರಿಂದ, ಕಾರಣವನ್ನು ಊಹಿಸದ ‘ಟೆಂಡಿನೋಪತಿ’ ಎಂಬ ಹೆಸರು ಇಂದು ರೂಢಿಯಲ್ಲಿದೆ.

ಇದು ಕೇವಲ ಶಬ್ದಗಳ ಜಗಳವಲ್ಲ. ಉರಿಯೂತವೆಂದು ನಂಬಿದಲ್ಲಿ ವಿಶ್ರಾಂತಿಯೂ ಸ್ಟಿರಾಯ್ಡ್ ಚುಚ್ಚುಮದ್ದೂ ಸಹಜವಾದ ಉಪಾಯಗಳು. 2009ರಲ್ಲಿ ಡೆನ್ಮಾರ್ಕಿನ ಕಾಂಗ್ಸ್‌ಗಾರ್ಡ್ ಮತ್ತು ಸಂಗಡಿಗರು ಪ್ರಕಟಿಸಿದ ಪ್ರಯೋಗದಲ್ಲಿ, ಚುಚ್ಚುಮದ್ದು ಪಡೆದವರೂ ವ್ಯಾಯಾಮ ಮಾಡಿದವರೂ 12 ವಾರಗಳಲ್ಲಿ ಸುಧಾರಿಸಿದರು. ಅರ್ಧವರ್ಷದ ವೇಳೆಗೆ ಮೊದಲಿನವರ ಗುಣ ಕುಗ್ಗಿತು, ವ್ಯಾಯಾಮ ಮಾಡಿದವರದು ಉಳಿಯಿತು. ಭಾರವನ್ನೇ ಕಾಣದ ಸ್ನಾಯುರಜ್ಜು ಭಾರ ತಾಳುವ ಶಕ್ತಿಯನ್ನೂ ಕಳೆದುಕೊಳ್ಳುತ್ತದೆ. ನಮ್ಮ ವಿದ್ಯಾರ್ಥಿಗೆ ಆದದ್ದೂ ಬಹುಶಃ ಇದೇ.

ಆದುದರಿಂದ ಇಂದಿನ ಚಿಕಿತ್ಸೆಯ ತಿರುಳು ಹೀಗಿದೆ: ಜಿಗಿತವನ್ನು ಕೆಲಕಾಲ ತಗ್ಗಿಸುವುದು, ತೊಡೆಯ ಸ್ನಾಯುಗಳಿಗೆ ನಿಧಾನವಾದ ಭಾರದ ವ್ಯಾಯಾಮವನ್ನು ಕ್ರಮವಾಗಿ ಏರಿಸುವುದು, ಸಹಿಸಬಹುದಾದ ಅಲ್ಪ ನೋವಿಗೆ ಅಂಜದಿರುವುದು, ಮರುದಿನ ನೋವು ಹೆಚ್ಚಿದರೆ ಭಾರವನ್ನು ಇಳಿಸುವುದು, ಓಟ, ಜಿಗಿತಗಳಿಗೆ ಕೊನೆಯಲ್ಲಿ ಮರಳುವುದು. ಇದಕ್ಕೆ ಮೂರು ತಿಂಗಳೋ ಇನ್ನೂ ಹೆಚ್ಚೋ ಬೇಕಾಗಬಹುದು. ಒಮ್ಮೆಲೇ ಕಿತ್ತಂಥ ನೋವಾಗಿ ಕಾಲು ಚಾಚಲು ಬಾರದಿದ್ದರೆ, ಅಥವಾ ಜ್ವರದೊಡನೆ ಮೊಣಕಾಲು ಊದಿದರೆ, ತಡಮಾಡದೆ ವೈದ್ಯರನ್ನು ಕಾಣತಕ್ಕದ್ದು.

ಹಳೆಯ ವೈದ್ಯರು ಅಜ್ಞರಾಗಿದ್ದರೆಂದು ನಾವು ಹೇಳುತ್ತಿಲ್ಲ. ಪರಂಪರೆಯಿಂದ ಬಂದ ಹೆಸರನ್ನು ಪ್ರತ್ಯಕ್ಷ ಪ್ರಮಾಣದೊಡನೆ ಒರೆಹಚ್ಚಿ ನೋಡುವ ಅಗತ್ಯ ಚರಿತ್ರೆಗೆ ಇರುವಂತೆ ವೈದ್ಯಕ್ಕೂ ಇದೆಯೆಂಬುದೇ ನಮ್ಮ ಅಭಿಪ್ರಾಯ.