ಯೋಗ್ಯಾ: ಶಸ್ತ್ರವೈದ್ಯನ ಕೈ ಪಳಗುವ ಬಗೆ

ಕನ್ನಡದಲ್ಲಿ ‘ಯೋಗ್ಯ’ನೆಂದರೆ ಅರ್ಹನಾದವನು. ಸಂಸ್ಕೃತದಲ್ಲಿ ‘ಯೋಗ್ಯಾ’ ಎಂಬ ಸ್ತ್ರೀಲಿಂಗ ಶಬ್ದವೊಂದುಂಟು. ಅದಕ್ಕೆ ಅಭ್ಯಾಸವೆಂದು ಅರ್ಥ. ಸುಶ್ರುತ ಸಂಹಿತೆಯ ಸೂತ್ರಸ್ಥಾನದಲ್ಲಿ ಒಂಬತ್ತನೆಯ ಅಧ್ಯಾಯಕ್ಕೆ ‘ಯೋಗ್ಯಾಸೂತ್ರೀಯ’ವೆಂದೇ ಹೆಸರು. ಶಸ್ತ್ರವೈದ್ಯನು ರೋಗಿಯನ್ನು ಮುಟ್ಟುವ ಮುನ್ನ ಯಾವ ಯಾವ ವಸ್ತುಗಳ ಮೇಲೆ ಕೈಯನ್ನು ಪಳಗಿಸಬೇಕೆಂಬುದೇ ಅದರ ವಿಷಯ.

ಕುಂಬಳ, ಸೋರೆ, ಕಲ್ಲಂಗಡಿ, ಸೌತೆಗಳಲ್ಲಿ ಕತ್ತರಿಸುವ ಅಭ್ಯಾಸ. ನೀರು ಅಥವಾ ಕೆಸರು ತುಂಬಿದ ತೊಗಲಿನ ಚೀಲದಲ್ಲಿ ಸೀಳುವ ಅಭ್ಯಾಸ. ಸತ್ತ ಪಶುವಿನ ಸಿರೆಯಲ್ಲಿಯೂ ನೈದಿಲೆಯ ದಂಟಿನಲ್ಲಿಯೂ ಚುಚ್ಚುವ ಅಭ್ಯಾಸ. ಬಟ್ಟೆಯ ಹಾಗೂ ಮೆದುಚರ್ಮದ ಅಂಚುಗಳಲ್ಲಿ ಹೊಲಿಯುವ ಅಭ್ಯಾಸ. ಪಟ್ಟಿ ಕಟ್ಟುವುದಕ್ಕೆ ಮನುಷ್ಯಾಕಾರದ ಬೊಂಬೆ. ಶಲಾಕೆಯಿಂದ ವ್ರಣದ ಆಳವನ್ನು ಅರಸುವುದಕ್ಕೆ ಹುಳು ತಿಂದ ಮರವನ್ನು ಹೇಳಿರುವುದು ನನಗೆ ಅತ್ಯಂತ ಮೆಚ್ಚಿಗೆಯಾದದ್ದು. ಹುಳು ಕೊರೆದ ದಾರಿಯೂ ನಾಡೀವ್ರಣದ ದಾರಿಯೂ ಹೊರಗಣ್ಣಿಗೆ ಕಾಣವು, ಎರಡೂ ಅಂಕುಡೊಂಕು. ಬೆರಳಿನ ತುದಿಯೇ ಅಲ್ಲಿ ಕಣ್ಣಾಗಬೇಕು.

ಇಂದು ಇದೇ ವಿದ್ಯೆ ಹೊಸ ರೂಪದಲ್ಲಿ ಮರಳಿರುವುದಕ್ಕೆ ಕಾರಣವುಂಟು. 1980ರ ದಶಕದ ಉತ್ತರಾರ್ಧದಲ್ಲಿ ಉದರದರ್ಶಕದ ಮೂಲಕ ಪಿತ್ತಕೋಶವನ್ನು ತೆಗೆಯುವ ಕ್ರಮವು ಯೂರೋಪಿನಲ್ಲಿ ಆರಂಭವಾಗಿ ಬೇಗನೆ ಹಬ್ಬಿತು. ಹೊಟ್ಟೆಯನ್ನು ಅಗಲವಾಗಿ ತೆರೆಯದೆ, ಸಣ್ಣ ರಂಧ್ರಗಳಲ್ಲಿ ಉದ್ದನೆಯ ಉಪಕರಣಗಳನ್ನು ತೂರಿಸಿ, ಪರದೆಯನ್ನು ನೋಡುತ್ತ ಮಾಡುವ ಕೆಲಸವಿದು. ರಂಧ್ರವೇ ಸನ್ನೆಗೋಲಿನ ಆಧಾರಬಿಂದುವಾಗುವುದರಿಂದ ಕೈ ಬಲಕ್ಕೆ ಸರಿದರೆ ಉಪಕರಣದ ತುದಿ ಎಡಕ್ಕೆ ಸರಿಯುವುದು. ಚಪ್ಪಟೆಯಾದ ಚಿತ್ರದಲ್ಲಿ ಆಳವು ತಿಳಿಯದು, ಸ್ಪರ್ಶವೂ ಮಂದ. ತೆರೆದ ಹೊಟ್ಟೆಯಲ್ಲಿ ನುರಿತ ಕೈಗಳೂ ಇಲ್ಲಿ ಹೊಸದಾಗಿ ಕಲಿಯಬೇಕಾಯಿತು. ಆ ಮೊದಲ ತಪ್ಪುಗಳು ಪಿತ್ತನಾಳದ ಮೇಲೆ ಬಿದ್ದರೆ ರೋಗಿಗೆ ಆಜೀವ ಸಂಕಟ.

ಅನುಕರಣಯಂತ್ರವೊಂದನ್ನು ಕೊಂಡು ತಂದಮಾತ್ರಕ್ಕೆ ಶಿಕ್ಷಣಕ್ರಮವು ಸಿದ್ಧವಾಗದು. ಮೊದಲು ಶಸ್ತ್ರಕ್ರಿಯೆಯನ್ನು ಪದವಿಭಾಗ ಮಾಡಿದಂತೆ ಹೆಜ್ಜೆಹೆಜ್ಜೆಯಾಗಿ ಬಿಡಿಸಬೇಕು; ಪ್ರತಿಯೊಂದು ಹೆಜ್ಜೆಯಲ್ಲಿಯೂ ಯಾವುದು ತಪ್ಪೆಂದು ನಿಶ್ಚಯಿಸಬೇಕು; ನುರಿತವರು ಅದನ್ನು ಎಷ್ಟು ಹೊತ್ತಿನಲ್ಲಿ, ಎಷ್ಟು ತಪ್ಪುಗಳೊಡನೆ ಮಾಡುವರೆಂದು ಅಳೆದು, ಆ ಅಳತೆಯನ್ನು ಶಿಷ್ಯನ ಮುಂದಿಡಬೇಕು. ಇಷ್ಟು ಗಂಟೆ ಕುಳಿತನೆಂಬುದು ಲೆಕ್ಕಕ್ಕಿಲ್ಲ, ಅಳತೆಯನ್ನು ಮುಟ್ಟಿದನೇ ಎಂಬುದೇ ಲೆಕ್ಕ. 2002ರಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾನಿಲಯದಲ್ಲಿ ಹೀಗೆ ಪರೀಕ್ಷಿಸಿದರು. ಹದಿನಾರು ಮಂದಿ ಕಿರಿಯ ವೈದ್ಯರಲ್ಲಿ ಅರ್ಧದಷ್ಟು ಜನರು ಗಣಕಯಂತ್ರದ ಕೃತಕ ದೃಶ್ಯದಲ್ಲಿ ನುರಿತವರ ಮಟ್ಟವನ್ನು ಮುಟ್ಟುವವರೆಗೆ ಅಭ್ಯಾಸ ಮಾಡಿದರು. ಬಳಿಕ ಪಿತ್ತಕೋಶದ ನಿಜವಾದ ಶಸ್ತ್ರಕ್ರಿಯೆಯಲ್ಲಿ ಅವರು ಬಿಡಿಸುವ ಕೆಲಸವನ್ನು ಶೇಕಡ 29ರಷ್ಟು ಬೇಗ ಮುಗಿಸಿದರು. ಉಳಿದವರಲ್ಲಿ ಪಿತ್ತಕೋಶಕ್ಕೆ ಗಾಯಮಾಡುವ ಅಥವಾ ತಪ್ಪಾದೆಡೆ ಸುಡುವ ಸಂಭವ ಐದು ಪಟ್ಟು ಹೆಚ್ಚಾಗಿತ್ತು. ಸಂಖ್ಯೆ ಚಿಕ್ಕದೆಂಬ ಆಕ್ಷೇಪವು ನ್ಯಾಯವಾದುದೇ. ಆದರೂ ಉಪೇಕ್ಷಿಸತಕ್ಕ ಫಲವಲ್ಲ.

ಇದಕ್ಕೆಲ್ಲ ಕೋಟಿಗಟ್ಟಲೆ ಹಣ ಬೇಕೆಂದು ದಾನಿಗಳು ಹಿಂಜರಿಯಬೇಕಾಗಿಲ್ಲ. ಅಮೆರಿಕದಲ್ಲಿ ಶಸ್ತ್ರವೈದ್ಯರಿಗೆ ವಿಧಿಸಿರುವ ಮೂಲಕೌಶಲ ಪರೀಕ್ಷೆಯ ಕೈಕೆಲಸವೆಲ್ಲ ಒಂದು ಪೆಟ್ಟಿಗೆಯೊಳಗೇ ನಡೆಯುವುದು: ಗೂಟದಿಂದ ಗೂಟಕ್ಕೆ ಸಣ್ಣ ವಸ್ತುಗಳನ್ನು ಸಾಗಿಸುವುದು, ಗಾಜುಬಟ್ಟೆಯ ಮೇಲೆ ಬರೆದ ವೃತ್ತವನ್ನು ಗೆರೆ ಮೀರದಂತೆ ಕತ್ತರಿಸುವುದು, ರಬ್ಬರಿನ ಕೊಳವೆಗೆ ಹೊಲಿಗೆ ಹಾಕಿ ಗಂಟು ಬಿಗಿಯುವುದು. ಸುಶ್ರುತನ ಸೋರೆಕಾಯಿಗೆ ಇದು ದೂರದ ನೆಂಟನಲ್ಲ. ಸೋರೆಯಂತೆಯೇ ಈ ಪೆಟ್ಟಿಗೆಯಲ್ಲಿಯೂ ರಕ್ತ ಸುರಿಯದು. ಆದುದರಿಂದ ಇದು ಗುರುವಿನ ಎದುರು ರೋಗಿಯ ಬಳಿ ಕಲಿಯುವುದಕ್ಕೆ ಪೂರ್ವಪೀಠಿಕೆಯೇ ಹೊರತು ಅದರ ಬದಲಲ್ಲ.

ನಾವು ಚಿಕ್ಕವರಿದ್ದಾಗ ಮರಳಿನ ಮೇಲೆ ಅಕ್ಷರ ‘ತಿದ್ದುತ್ತಿದ್ದೆವು’. ಬರೆದುದರ ಮೇಲೆಯೇ ಮತ್ತೆ ಬರೆಯುವುದೂ ತಿದ್ದುವುದೇ, ತಪ್ಪನ್ನು ಸರಿಪಡಿಸುವುದೂ ತಿದ್ದುವುದೇ. ಪಕ್ಕದಲ್ಲಿ ಅಯ್ಯನವರು ಇಲ್ಲದಿದ್ದರೆ ಡೊಂಕಾದ ಅಕ್ಷರವೇ ಬೆರಳಿಗೆ ರೂಢಿಯಾಗುತ್ತಿತ್ತು. ವೈದ್ಯಕೀಯ ಕಾಲೇಜುಗಳಲ್ಲಿ ಕೌಶಲ ಪ್ರಯೋಗಶಾಲೆ ಇರಲೇಬೇಕೆಂಬ ನಿಯಮ ನಮ್ಮ ದೇಶದಲ್ಲಿ 2019ರಲ್ಲಿ ಬಂದಿದೆ. ಬೊಂಬೆಗಳು ಬಂದಾವು. ಅವುಗಳ ಪಕ್ಕದಲ್ಲಿ ವಾರಕ್ಕೆ ಎಷ್ಟು ಹೊತ್ತು ಯಾವ ಗುರುವು ನಿಲ್ಲುವನೆಂಬುದನ್ನು, ಹಣ ಕೊಡುವ ಮುನ್ನವೇ ದಾನಿಗಳು ಕೇಳಿ ಬರೆಸಿಕೊಳ್ಳುವುದು ಒಳಿತು.